ಎಸ್‌ಎಂಪಿಎಸ್ ಒಳಗಿನ ನೀರಗಂಟಿ

ಅಕ್ಕನ ಮಗ ಎಸ್.ಪಿ. ರೋಡಿನಿಂದ ಒಂದೊಂದೇ ಭಾಗ ತಂದು ಕಂಪ್ಯೂಟರ್ ಜೋಡಿಸುತ್ತಿದ್ದ. ಗೋಡೆಯ ಕರೆಂಟನ್ನು ಕಂಪ್ಯೂಟರಿಗೆ ಹದಮಾಡಿ ಕೊಡುವ 650 ವ್ಯಾಟಿನ ಎಸ್‌ಎಂಪಿಎಸ್ ಡಬ್ಬಿ ಕಂಡಿದ್ದೇ ಭಾವ ರೇಗಿದರು. "ಹಗಲೂ ರಾತ್ರಿ 650 ವ್ಯಾಟ್ ಉರಿದರೆ ಕರೆಂಟ್ ಬಿಲ್ ಯಾರಪ್ಪ ಕಟ್ಟೋದು? ವಾಪಸ್ ಕೊಟ್ಟು 450ರದ್ದು ತಗೊಂಡು ಬಾ." ಈ ಮಾತನ್ನು ಎಷ್ಟು ಮನೆಗಳಲ್ಲಿ ಕೇಳಿದ್ದೇನೋ! ಈ ತಪ್ಪು ತಿಳಿವಳಿಕೆಯೊಂದು ತೊಲಗಿದರೆ ಸಾಕು ಅನ್ನಿಸಿಬಿಟ್ಟಿದೆ ನನಗೆ.

ಭಾವ ಲೆಕ್ಕ ಹಾಕಿದ್ದು ಗೀಸರಿನ ಹಾಗೆ. ಗೀಸರಿನ ಮೇಲೆ 2000 ವ್ಯಾಟ್ ಅಂತಿದ್ದರೆ ಉರಿಯುವಷ್ಟು ಹೊತ್ತೂ ಅದು ಅಷ್ಟನ್ನು ಎಳೆಯುತ್ತದೆ. ಎಸ್‌ಎಂಪಿಎಸ್ ಮೇಲಿನ ಅಂಕಿ ಎಳೆಯುವುದರದ್ದಲ್ಲ, ಕೇಳಿದರೆ ಎಷ್ಟರವರೆಗೆ ಕೊಡಬಲ್ಲದು ಅನ್ನುವುದರದ್ದು. ಪ್ಲಗ್ಗಿಗೆ ವ್ಯಾಟ್ ಮೀಟರ್ ಸಿಕ್ಕಿಸಿ ತೋರಿಸಿದೆ. ಹುಡುಗ ಬರೀ ಟೈಪ್ ಮಾಡುವಾಗ 64. ಗೇಮ್ ಶುರುಮಾಡಿದ, 289ಕ್ಕೆ ಹಾರಿತು. ನಿಲ್ಲಿಸಿದ, ಮತ್ತೆ ಅರವತ್ತರ ಆಸುಪಾಸು.

ಈ ಹದ ಕಾಯುವವರು ಯಾರು? ಕೆರೆಯ ತೂಬಿನ ಬಳಿ ಕೂತ ನೀರಗಂಟಿಯನ್ನು ನೆನೆಸಿಕೊಳ್ಳಿ. ದಿಕ್ಕು ಬದಲಿಸುತ್ತಲೇ ಇರುವ 230 ವೋಲ್ಟಿನ ಎಸಿ ಕರೆಂಟು ಡಯೋಡ್‌ಗಳನ್ನು ದಾಟಿ ಒಂದೇ ದಿಕ್ಕಿನ ಡಿಸಿ ಆಗುತ್ತದೆ ನಿಜ, ಆದರೆ ಸಮನಾಗಿ ಹರಿಯುವುದಿಲ್ಲ. ಸೆಕೆಂಡಿಗೆ 100 ಸಲ ಉಬ್ಬಿ ಇಳಿಯುತ್ತದೆ, ಬಿಟ್ಟು ಬಿಟ್ಟು ಹೊಯ್ಯುವ ಮಳೆಯ ಹಾಗೆ. ಆ ಮಳೆಯನ್ನು ಹಿಡಿದಿಡುವ ಕೆರೆಯೇ ಒಳಗೆ ಹೆಬ್ಬೆರಳಿಗಿಂತ ದಪ್ಪಗೆ ನಿಂತಿರುವ ಕೆಪಾಸಿಟರ್. ಅದರಲ್ಲಿ ಮುನ್ನೂರರಿಂದ ನಾನೂರು ವೋಲ್ಟ್ ತುಂಬಿರುತ್ತದೆ. ತೂಬು ಅಂದರೆ ಟ್ರಾನ್ಸಿಸ್ಟರ್. ನೀರಗಂಟಿ ಒಂದು ಪುಟ್ಟ ಚಿಪ್. ಕೆಳಗೆ ಕಂಪ್ಯೂಟರಿಗೆ ಉಣಿಸುವ 12 ವೋಲ್ಟಿನ ಗದ್ದೆಯಲ್ಲಿ ನೀರು ಕೊಂಚ ಇಳಿಯಿತೋ, ತೂಬನ್ನು ಚೂರು ಹೆಚ್ಚು ಹೊತ್ತು ತೆರೆದಿಡುತ್ತದೆ. ಏರಿತೋ, ಬೇಗ ಮುಚ್ಚುತ್ತದೆ. ಸೆಕೆಂಡಿಗೆ ಒಂದು ಲಕ್ಷ ಸಲದ ಆಸುಪಾಸು ಇದೇ ಕೆಲಸ! ತೂಬು ದೊಡ್ಡದಿದೆ ಅಂತ ಗದ್ದೆ ಹೆಚ್ಚು ನೀರು ಕುಡಿಯುತ್ತದೆಯೇ?

ಈ ಲಕ್ಷ ಸಲದಲ್ಲೇ ಇನ್ನೊಂದು ಸೊಗಸಿದೆ. ಸೆಕೆಂಡಿಗೆ 50 ಸಲ ಮಾತ್ರ ಓಡಾಡಿ ಹಂಡೆ ತುಂಬಿಸುವವನಿಗೆ ದೊಡ್ಡ ಕೊಡ ಬೇಕು, ಲಕ್ಷ ಸಲ ಓಡಾಡುವವನಿಗೆ ಚಮಚ ಸಾಕು. ಹಾಗಾಗಿಯೇ ವೋಲ್ಟೇಜ್ ಇಳಿಸುವ ಹಳೆಯ ಕಬ್ಬಿಣದ ಟ್ರಾನ್ಸ್‌ಫಾರ್ಮರ್ ಕಲ್ಲುಗುಂಡಿನಷ್ಟು ಭಾರ, ಇದರ ಒಳಗಿನದು ಮುಷ್ಟಿಯಲ್ಲಿ ಹಿಡಿಸುತ್ತದೆ. 1977ರಲ್ಲಿ ಬಂದ ಆಪಲ್ 2 ಕಂಪ್ಯೂಟರಿಗೆ ಎಂಜಿನಿಯರ್ ರಾಡ್ ಹೋಲ್ಟ್ ಇಂಥದ್ದೊಂದನ್ನು ರೂಪಿಸಿದರು. ಬಿಸಿ ಕಡಿಮೆಯಾದ್ದರಿಂದ ಫ್ಯಾನೇ ಬೇಕಾಗಲಿಲ್ಲ. ಇದನ್ನು ಕಂಡುಹಿಡಿದವರೇ ಅವರು ಅಂತ ಹೇಳುವವರಿದ್ದಾರೆ, ಅದು ಸರಿಯಲ್ಲ. ಬಾಹ್ಯಾಕಾಶ ಮತ್ತು ಸೇನೆಯ ಉಪಕರಣಗಳಲ್ಲಿ ಈ ತಂತ್ರ 1960ರ ದಶಕದಲ್ಲೇ ಇತ್ತು. ಚುರುಕಾದ ಟ್ರಾನ್ಸಿಸ್ಟರ್‌ಗಳು ಅಗ್ಗವಾದ ಮೇಲೆ ಮನೆಗೆ ಬಂತು, ಅಷ್ಟೇ.

ಇನ್ನು ಭಾವ ಹೇಳಿದ 450ರದ್ದು. ಅಂಗಡಿಯಲ್ಲಿ ಅದರ ಮೈಮೇಲಿನ ಪಟ್ಟಿ ಓದಿದೆ. 12 ವೋಲ್ಟಿನ ಎದುರು 16 ಆಂಪಿಯರ್. ಗುಣಿಸಿದರೆ 192 ವ್ಯಾಟ್! ಉಳಿದದ್ದೆಲ್ಲ 3.3 ಮತ್ತು 5 ವೋಲ್ಟಿನ ಲೆಕ್ಕ. ಇವತ್ತಿನ ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎರಡೂ ಉಣ್ಣುವುದು 12 ವೋಲ್ಟನ್ನೇ. ನಮ್ಮ ಹುಡುಗನ ಗೇಮಿಗೆ ಸುಮಾರು 260 ವ್ಯಾಟ್ ಬೇಕು. ಅದು ಎಲ್ಲಿ ತಾಳೀತು? ಕೊಳ್ಳುವಾಗ ದಯವಿಟ್ಟು ಡಬ್ಬಿಯ ದೊಡ್ಡಕ್ಷರ ಬಿಟ್ಟು ಈ ಸಾಲನ್ನು ನೋಡಿ. ಕೈಯಲ್ಲಿ ತೂಗಿ ಭಾರ ಇದ್ದದ್ದೇ ಒಳ್ಳೆಯದು ಅನ್ನುವ ಪರೀಕ್ಷೆಯನ್ನಂತೂ ನಂಬಬೇಡಿ.

ಬಿಲ್ಲಿನ ಚಿಂತೆ ಇದ್ದವರು ನೋಡಬೇಕಾದದ್ದು ದಕ್ಷತೆಯನ್ನು. ಆ 260 ವ್ಯಾಟ್ ಕೊಡಲು ಶೇ. 90 ದಕ್ಷತೆಯದ್ದು ಗೋಡೆಯಿಂದ 289 ಎಳೆದರೆ, ಶೇ. 70ರದ್ದು 371 ಎಳೆಯುತ್ತದೆ. ಹೆಚ್ಚಿನದ್ದೆಲ್ಲ ಬರೀ ಬಿಸಿ. 2004ರಲ್ಲಿ ಶುರುವಾದ 80 ಪ್ಲಸ್ ಗುರುತು ಇದನ್ನೇ ಹೇಳುವುದು. ಬ್ರಾಂಜ್‌ಗಿಂತ ಗೋಲ್ಡ್ ಮೇಲು. ಆದರೆ ಅದು ದಕ್ಷತೆಯ ಗುರುತು, ಬಾಳಿಕೆಯದ್ದಲ್ಲ.

ವಾರ ಕಳೆದು ಹುಡುಗ ಫೋನ್ ಮಾಡಿದ. "ಮಾಮಾ, ಕರೆಂಟ್ ಹೋಗಿ ಇನ್ವರ್ಟರ್ ಆನ್ ಆಗುವಾಗ ಕಂಪ್ಯೂಟರ್ ರೀಸ್ಟಾರ್ಟ್ ಆಗತ್ತೆ." ಮಳೆ ನಿಂತ ಮೇಲೆ ಕೆರೆ ಎಷ್ಟು ಹೊತ್ತು ತಾಳುತ್ತದೆ ಅನ್ನುವ ಪ್ರಶ್ನೆ ಇದು. ಒಳ್ಳೆಯ ಎಸ್‌ಎಂಪಿಎಸ್ ಪೂರ್ತಿ ಹೊರೆ ಹೊತ್ತಾಗ ಸುಮಾರು 16 ಮಿಲಿಸೆಕೆಂಡ್ ತಾಳುತ್ತದೆ, ಹೊರೆ ಕಡಿಮೆಯಿದ್ದಷ್ಟೂ ಇನ್ನೂ ಹೆಚ್ಚು. ಇನ್ವರ್ಟರ್ ಅದಕ್ಕಿಂತ ನಿಧಾನವಾಗಿ ಎಚ್ಚರಗೊಂಡರೆ ಕೆರೆ ಬತ್ತಿತು. ಇನ್ವರ್ಟರಿನ ಹಿಂಬದಿಯ ಪುಟ್ಟ ಸ್ವಿಚ್ಚನ್ನು ನಾರ್ಮಲ್‌ನಿಂದ ಯುಪಿಎಸ್ ಕಡೆಗೆ, ಅಂದರೆ ಬೇಗ ಎಚ್ಚರಗೊಳ್ಳುವ ಕಡೆಗೆ, ತಳ್ಳಲು ಹೇಳಿದೆ. ಸರಿಹೋಯಿತು.

ಅವನಿಗೀಗ ಆ ಕೆರೆಯನ್ನು ಕಣ್ಣಾರೆ ನೋಡುವ ಆಸೆ. ಸ್ಕ್ರೂಡ್ರೈವರ್ ಹಿಡಿದು ಕೂತಿದ್ದ. ಬೇಡವೇ ಬೇಡ ಅಂದೆ. ಪ್ಲಗ್ ಕಿತ್ತ ಮೇಲೂ ಆ ಕೆಪಾಸಿಟರಿನಲ್ಲಿ ಮುನ್ನೂರು ವೋಲ್ಟ್ ಉಳಿದಿರಬಹುದು.