ನೀರು, ನೆರಳು, ಸಾಲು: ಅಮೆರಿಕದ ಕಾಲೇಜು ಫುಟ್‌ಬಾಲ್ ಕ್ರೀಡಾಂಗಣಗಳು ಪ್ರೇಕ್ಷಕರನ್ನು ಉಳಿಸಿಕೊಳ್ಳಲು ಹೆಣಗುತ್ತಿರುವ ಕಥೆ

2007ರ ಸೆಪ್ಟೆಂಬರ್ 15ರಂದು ಫ್ಲಾರಿಡಾದ ಒರ್ಲ್ಯಾಂಡೊದಲ್ಲಿ ಯೂನಿವರ್ಸಿಟಿ ಆಫ್ ಸೆಂಟ್ರಲ್ ಫ್ಲಾರಿಡಾ ತನ್ನ ಹೊಸ ಕ್ರೀಡಾಂಗಣದ ಮೊದಲ ಪಂದ್ಯ ಆಡಿತು. ಎದುರಾಳಿ ಟೆಕ್ಸಸ್. ಸುಮಾರು 45,000 ಆಸನಗಳು, ಮೇಲೆ ಸುಡುವ ಬಿಸಿಲು. ಆದರೆ ಇಡೀ ಕ್ರೀಡಾಂಗಣದಲ್ಲಿ ಕುಡಿಯುವ ನೀರಿನ ಒಂದೇ ಒಂದು ನಲ್ಲಿ ಇರಲಿಲ್ಲ. ಬಾಟಲಿಗೆ 3 ಡಾಲರಿನಂತೆ ಮಾರುತ್ತಿದ್ದ ನೀರು ಪಂದ್ಯ ಮುಗಿಯುವ ಮೊದಲೇ ಖಾಲಿಯಾಯಿತು. ಬಿಸಿಲಿನ ಬಳಲಿಕೆಯಿಂದ 18 ಮಂದಿ ಆಸ್ಪತ್ರೆ ಸೇರಿದರು, ಸುಮಾರು 60 ಮಂದಿಗೆ ಅಲ್ಲೇ ಚಿಕಿತ್ಸೆ ಕೊಡಬೇಕಾಯಿತು. ಮುಂದಿನ ಪಂದ್ಯಕ್ಕೆ ಉಚಿತವಾಗಿ ನೀರಿನ ಬಾಟಲಿ ಹಂಚಿದ ವಿಶ್ವವಿದ್ಯಾಲಯ ಕೊನೆಗೆ 50 ನಲ್ಲಿಗಳನ್ನು ಹಾಕಿಸಿತು. ಅಮೆರಿಕದಲ್ಲಿ ಬಹಳ ಕಡೆ ಬಳಕೆಯಲ್ಲಿರುವ ಕೊಳಾಯಿ ಸಂಹಿತೆ ಸಾವಿರ ಜನಕ್ಕೊಂದು ನಲ್ಲಿ ಇರಬೇಕೆನ್ನುತ್ತದೆ. ಆ ಲೆಕ್ಕದಲ್ಲಿ 45 ಸಾಕಿತ್ತು.

ಹೊಚ್ಚ ಹೊಸ ಕಟ್ಟಡದಲ್ಲೇ ಹೀಗಾದರೆ ನೂರು ವರ್ಷ ಹಳೆಯ ಕಟ್ಟಡಗಳ ಪಾಡೇನು? ಪಂದ್ಯದ ದಿನದ ಅನುಭವ ಸುಧಾರಿಸುತ್ತೇವೆ ಎಂಬ ಮಾತು ಅಲ್ಲಿನ ವಿಶ್ವವಿದ್ಯಾಲಯಗಳಲ್ಲಿ ಬಹಳ ವರ್ಷಗಳಿಂದ ಕೇಳಿಬರುತ್ತಿದೆ. ದೊಡ್ಡ ಪರದೆ, ಬೆಳಕಿನಾಟ, ಆ್ಯಪ್ ಎಲ್ಲವೂ ಬಂದಿವೆ. ಆದರೆ ಜನರ ಕಷ್ಟ ನಿಜವಾಗಿ ಇಳಿದದ್ದು ಅವರ ದೇಹಕ್ಕೂ ಸಮಯಕ್ಕೂ ಮರ್ಯಾದೆ ಕೊಟ್ಟ ಕಡೆ ಮಾತ್ರ.

ಇಲ್ಲಿ ಫುಟ್‌ಬಾಲ್ ಎಂದರೆ ನಾವು ಕಾಲ್ಚೆಂಡು ಎನ್ನುವ ಆಟವಲ್ಲ. ಹೆಲ್ಮೆಟ್ ತೊಟ್ಟು, ಮೊಟ್ಟೆಯಾಕಾರದ ಚೆಂಡು ಹಿಡಿದು ಓಡುವ ಅಮೆರಿಕನ್ ಆಟ. 1869ರ ನವೆಂಬರ್ 6ರಂದು ರಟ್ಗರ್ಸ್ ಮತ್ತು ಪ್ರಿನ್ಸ್‌ಟನ್ ನಡುವೆ ನಡೆದ ಪಂದ್ಯವನ್ನು ಇದರ ಮೊದಲ ಕಾಲೇಜು ಪಂದ್ಯವೆಂದು ಎಣಿಸುತ್ತಾರೆ. 1903ರಲ್ಲಿ ಹಾರ್ವರ್ಡ್ ಕಬ್ಬಿಣದ ಸರಳು ಹಾಕಿದ ಕಾಂಕ್ರೀಟಿನಲ್ಲಿ ಕ್ರೀಡಾಂಗಣ ಕಟ್ಟಿತು. 1914ರಲ್ಲಿ ಯೇಲ್ ನೆಲ ಅಗೆದು ಬಟ್ಟಲಿನಾಕಾರದ ಮೈದಾನ ಮಾಡಿತು. 1927ರಲ್ಲಿ ಆ್ಯನ್ ಆರ್ಬರ್‌ನಲ್ಲಿ ತೆರೆದ ಮಿಶಿಗನ್ ಕ್ರೀಡಾಂಗಣದಲ್ಲಿ ಮೊದಲು 72,000 ಜನಕ್ಕೆ ಜಾಗವಿತ್ತು, ಇಂದು 1,07,601. ಭಾರತದ ಎಷ್ಟೋ ತಾಲ್ಲೂಕು ಪಟ್ಟಣಗಳಲ್ಲಿ ಅಷ್ಟು ಜನಸಂಖ್ಯೆಯಿಲ್ಲ.

ಅಷ್ಟು ಜನರನ್ನು ಹಿಡಿಸಿದ್ದು ಹೇಗೆ? ಬೆಂಚಿನಿಂದ. ಕುರ್ಚಿಯಾದರೆ ಒಬ್ಬರಿಗೊಂದು. ಬೆಂಚಾದರೆ ಗೆರೆ ಎಳೆದು ಅಂಕಿ ಬರೆದರಾಯಿತು. ಕಟ್ಟಡ ಸಂಹಿತೆ ಬೆಂಚಿನ ಮೇಲೆ ತಲಾ 18 ಇಂಚು ಎಂದು ಲೆಕ್ಕ ಹಾಕುತ್ತದೆ, ಹಳೆಯ ಕ್ರೀಡಾಂಗಣಗಳಲ್ಲಿ ಅದಕ್ಕಿಂತಲೂ ಇಕ್ಕಟ್ಟಾದ ಸಾಲುಗಳಿವೆ. ಸೆಪ್ಟೆಂಬರಿನಲ್ಲಿ ಅಂಗಿ ತೊಟ್ಟು ಹೇಗೋ ಕೂರಬಹುದು. ನವೆಂಬರಿನ ಚಳಿಗೆ ಎಲ್ಲರೂ ದಪ್ಪ ಕೋಟು ಹಾಕಿಕೊಂಡು ಬಂದಾಗ ಸಾಲಿನ ಕೊನೆಯವರು ಮೆಟ್ಟಿಲ ಮೇಲೆ ಕೂರುತ್ತಾರೆ, ಓಡಾಡುವ ದಾರಿ ಕಟ್ಟಿಹೋಗುತ್ತದೆ.

ದೂರದರ್ಶನ ಬಂದ ಹೊಸದರಲ್ಲಿ ವಿಶ್ವವಿದ್ಯಾಲಯಗಳಿಗೆ ಅದರ ಭಯವಿತ್ತು. ಮನೆಯಲ್ಲೇ ಪಂದ್ಯ ಕಂಡರೆ ಟಿಕೆಟ್ ಕೊಳ್ಳುವವರಾರು ಎಂದು ಕಾಲೇಜು ಕ್ರೀಡೆಗಳ ಆಡಳಿತ ಸಂಸ್ಥೆ ಎನ್‌ಸಿಎಎ 1950ರ ದಶಕದ ಆರಂಭದಲ್ಲೇ ಪ್ರಸಾರವಾಗುವ ಪಂದ್ಯಗಳ ಸಂಖ್ಯೆಗೆ ಕಡಿವಾಣ ಹಾಕಿತು. ಮೂರು ದಶಕ ಆ ಕಟ್ಟು ನಿಂತಿತು. ಒಕ್ಲಹೋಮ ಮತ್ತು ಜಾರ್ಜಿಯ ವಿಶ್ವವಿದ್ಯಾಲಯಗಳು ಅದನ್ನು ಕೋರ್ಟಿಗೆ ಎಳೆದವು. 1984ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 7-2ರ ಬಹುಮತದಿಂದ ಆ ನಿಯಂತ್ರಣವನ್ನು ಮುರಿಯಿತು. ಭಿನ್ನಮತದ ತೀರ್ಪು ಬರೆದ ನ್ಯಾಯಮೂರ್ತಿ ಬೈರನ್ ವೈಟ್ ಸ್ವತಃ ಕೊಲರಾಡೊ ವಿಶ್ವವಿದ್ಯಾಲಯದ ಹೆಸರಾಂತ ಫುಟ್‌ಬಾಲ್ ಆಟಗಾರರಾಗಿದ್ದವರು.

ಅಂದಿನಿಂದ ಪ್ರಸಾರದ ಹಣ ಹೊಳೆಯಾಗಿ ಹರಿಯಿತು, ಅದರ ಬೆಲೆಯನ್ನು ಗ್ಯಾಲರಿಯಲ್ಲಿ ಕೂತವರು ತೆತ್ತರು. ಪಂದ್ಯ ಎಷ್ಟು ಹೊತ್ತಿಗೆ ಶುರುವಾಗಬೇಕೆಂದು ವಾಹಿನಿಗಳು ತೀರ್ಮಾನಿಸತೊಡಗಿದವು. ಎಷ್ಟೋ ಪಂದ್ಯಗಳ ವೇಳೆ 12 ದಿನ ಮೊದಲು, ಕೆಲವೊಮ್ಮೆ ಬರೀ 6 ದಿನ ಮೊದಲು ಗೊತ್ತಾಗುತ್ತದೆ. ನಾನೂರು ಮೈಲಿ ದೂರದಿಂದ ಬರುವ ಕುಟುಂಬ ಹೋಟೆಲು, ರಜೆ ಹೊಂದಿಸಿಕೊಳ್ಳುವುದು ಹೇಗೆ? ಬೆಳಗ್ಗೆ 11ಕ್ಕೆ ಆಟವೆಂದರೆ ದಕ್ಷಿಣದ ರಾಜ್ಯಗಳಲ್ಲಿ ನಡುಮಧ್ಯಾಹ್ನದ ಬಿಸಿಲೆಲ್ಲ ಅಲ್ಯುಮಿನಿಯಂ ಬೆಂಚಿನ ಮೇಲೆ. ಗಡಿಯಾರದ ಲೆಕ್ಕದಲ್ಲಿ 60 ನಿಮಿಷದ ಆಟ ಜಾಹೀರಾತಿನ ವಿರಾಮಗಳಿಂದಾಗಿ ಮೂರೂವರೆ ತಾಸಿನ ಹತ್ತಿರ ಎಳೆಯುತ್ತದೆ. ಮನೆಯಲ್ಲಿದ್ದವರು ಆ ಹೊತ್ತಿನಲ್ಲಿ ಫ್ರಿಜ್ ತೆರೆದು ಬರುತ್ತಾರೆ. ಗ್ಯಾಲರಿಯವರು ಸುಮ್ಮನೆ ನಿಂತ ಆಟಗಾರರನ್ನು ನೋಡುತ್ತ ಕೂರಬೇಕು.

ಇದಕ್ಕೆ ನಿಜವಾದ ಮದ್ದು ಬಂದದ್ದು ನಿಯಮ ಪುಸ್ತಕದಿಂದ. 1968ರಿಂದ ಪ್ರತಿ ‘ಫಸ್ಟ್ ಡೌನ್’, ಅಂದರೆ ಚೆಂಡನ್ನು ಹತ್ತು ಗಜ ಮುಂದೊಯ್ದ ತಂಡಕ್ಕೆ ಸಿಗುವ ಹೊಸ ಸರದಿ, ಬಳಿಕ ಗಡಿಯಾರ ನಿಲ್ಲಿಸುವ ಪದ್ಧತಿಯಿತ್ತು. 2023ರಲ್ಲಿ ಉನ್ನತ ವಿಭಾಗಗಳಲ್ಲಿ ಅದನ್ನು ಪ್ರತಿ ಅರ್ಧದ ಕೊನೆಯ 2 ನಿಮಿಷಕ್ಕೆ ಮಾತ್ರ ಉಳಿಸಿದರು. ಉಳಿದ ಹೊತ್ತು ಗಡಿಯಾರ ಓಡುತ್ತಲೇ ಇರುತ್ತದೆ. ಸರಿಯಾದ ಹೆಜ್ಜೆಯೇ. ಆದರೆ ಹೀಗೆ ಮೊಟಕಾದದ್ದು ಆಟ, ಜಾಹೀರಾತಲ್ಲ.

ಪ್ರೇಕ್ಷಕರು, ಅದರಲ್ಲೂ ವಿದ್ಯಾರ್ಥಿಗಳು, ತಡವಾಗಿ ಬಂದು ಬೇಗ ಎದ್ದುಹೋಗುವುದು 2010ರ ದಶಕದಲ್ಲಿ ಎದ್ದು ಕಾಣತೊಡಗಿತು. ಮಾರಾಟವಾದ ಟಿಕೆಟ್ಟಿಗೂ ಗೇಟಿನಲ್ಲಿ ಸ್ಕ್ಯಾನ್ ಆದ ಟಿಕೆಟ್ಟಿಗೂ ದೊಡ್ಡ ಅಂತರವಿತ್ತು. ಆಗ ಹಲವು ಆಡಳಿತಗಳು ಕಾರಣ ಹುಡುಕುವ ಬದಲು ವಿದ್ಯಾರ್ಥಿಗಳನ್ನು ತಿದ್ದಲು ಹೊರಟವು. ಮಿಶಿಗನ್ 2013ರಲ್ಲಿ ವಿದ್ಯಾರ್ಥಿಗಳ ಕಾದಿರಿಸಿದ ಸೀಟುಗಳನ್ನು ರದ್ದು ಮಾಡಿ, ಮೊದಲು ಬಂದವರಿಗೆ ಮುಂದಿನ ಸಾಲು ಎಂದಿತು. ವರ್ಷಗಟ್ಟಲೆ ಕಾದು ಒಳ್ಳೆಯ ಜಾಗದ ಸರದಿಗೆ ಬಂದಿದ್ದ ಹಿರಿಯ ವಿದ್ಯಾರ್ಥಿಗಳು ಸಿಟ್ಟಿಗೆದ್ದರು. ಒಟ್ಟಿಗೆ ಕೂರುತ್ತಿದ್ದ ಗೆಳೆಯರ ಗುಂಪುಗಳು ಚದುರಿದವು. ಮರುವರ್ಷ ಆ ಪದ್ಧತಿಯಿಂದ ಹಿಂದೆ ಸರಿಯಬೇಕಾಯಿತು. 2014ರಲ್ಲಿ 295 ಡಾಲರ್ ಇದ್ದ ವಿದ್ಯಾರ್ಥಿಗಳ ಋತು ಟಿಕೆಟನ್ನು 2015ಕ್ಕೆ 175ಕ್ಕೆ ಇಳಿಸಿದರು. ಅಲಬಾಮ 2019ರಲ್ಲಿ ಫೋನಿನ ಮೂಲಕ ವಿದ್ಯಾರ್ಥಿ ಎಲ್ಲಿದ್ದಾರೆಂದು ನೋಡುವ ಆ್ಯಪ್ ತಂದಿತು. ಬಂದರೆ 100 ಅಂಕ, ಆಟದ ನಾಲ್ಕನೇ, ಅಂದರೆ ಕೊನೆಯ, ಕ್ವಾರ್ಟರ್‌ವರೆಗೆ ಕೂತರೆ ಇನ್ನೂ 250. ಅಂಕ ಹೆಚ್ಚಿದ್ದವರಿಗೆ ದೊಡ್ಡ ಪಂದ್ಯಗಳ ಟಿಕೆಟಿನಲ್ಲಿ ಆದ್ಯತೆ. ಬಿಸಿಲಿಗೆ ಬೆಂದು ಎದ್ದುಹೋಗುವವರ ಮೇಲೆ ಕಣ್ಣಿಡುವ ಬದಲು ಆ ಹಣದಲ್ಲಿ ನೆರಳು, ತಣ್ಣೀರು, ಫ್ಯಾನು ಕೊಟ್ಟಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು.

ಇನ್ನು ಗೇಟಿನ ವಿಚಾರ. ಜನ ಪಾರ್ಕಿಂಗ್ ಜಾಗದಲ್ಲಿ ಒಲೆ ಹಚ್ಚಿ ಉಂಡು ತಿಂದು, ಅಂದರೆ ಟೈಲ್‌ಗೇಟಿಂಗ್ ಮುಗಿಸಿ, ಕಟ್ಟಕಡೆಯ ಗಂಟೆಯಲ್ಲಿ ಒಟ್ಟಿಗೆ ನುಗ್ಗುತ್ತಾರೆ. ಬ್ರಿಟನ್ನಿನ ಕ್ರೀಡಾಂಗಣ ಸುರಕ್ಷತಾ ಕೈಪಿಡಿ ಒಂದು ತಿರುಗುಗೇಟಿನಲ್ಲಿ ಗಂಟೆಗೆ ಹೆಚ್ಚೆಂದರೆ 660 ಜನ ಎಂದು ಹಿಡಿಯುತ್ತದೆ. ಕೊನೆಯ ಗಂಟೆಯಲ್ಲಿ 60,000 ಜನ ಬರುವರೆಂದು ಹಿಡಿದರೆ 91 ಗೇಟುಗಳು ಬೇಕು. ಚೀಲ ತಡಕುವುದರಿಂದ ವೇಗ ಗಂಟೆಗೆ 400ಕ್ಕೆ ಇಳಿದರೆ 150 ಬೇಕು. ಅಷ್ಟು ಗೇಟು ಹಾಕಲು ಹಳೆಯ ಗೋಡೆಗಳಲ್ಲಿ ಜಾಗವೇ ಇರುವುದಿಲ್ಲ. ಆಗ್ನೇಯ ಭಾಗದ ವಿಶ್ವವಿದ್ಯಾಲಯಗಳ ಒಕ್ಕೂಟ ಎಸ್‌ಇಸಿ 2017ರಲ್ಲಿ ಪಾರದರ್ಶಕ ಚೀಲದ ನಿಯಮ ತಂದದ್ದು ಭದ್ರತೆಗಾಗಿಯೇ ಆದರೂ ಅದರಿಂದ ಸಮಯವೂ ಉಳಿಯುತ್ತದೆ. 12×6×12 ಇಂಚಿನೊಳಗಿನ ಪಾರದರ್ಶಕ ಚೀಲವಾದರೆ ಒಳಗೇನಿದೆಯೆಂದು ಕಣ್ಣಲ್ಲೇ ತಿಳಿಯುತ್ತದೆ.

ಗೇಟಿನ ಲೆಕ್ಕ ತಪ್ಪಿದರೆ ಏನಾಗುತ್ತದೆಂದು ಕನ್ನಡಿಗರಿಗೆ ಹೊಸದಾಗಿ ಹೇಳಬೇಕಿಲ್ಲ. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗಿನ ಕಾಲ್ತುಳಿತದಲ್ಲಿ 11 ಜೀವಗಳು ಹೋದವು.

ಫೋನಿನಲ್ಲಿ ಟಿಕೆಟ್ ಬಂದ ಮೇಲೆ ಗೇಟಿನ ಸಾಲು ನೆಟ್‌ವರ್ಕಿಗೂ ಗಂಟು ಬಿದ್ದಿದೆ. ಸಾವಿರಾರು ಜನ ಗೇಟಿನ ಮುಂದೆ ನಿಂತು ಒಟ್ಟಿಗೆ ಆ್ಯಪ್ ತೆರೆದರೆ ಟಿಕೆಟ್ ಪರದೆಗೆ ಬರುವುದೇ ಇಲ್ಲ. ಮನೆಯಲ್ಲಿದ್ದಾಗಲೇ ಅದನ್ನು ಫೋನಿನ ವಾಲೆಟ್‌ಗೆ ಇಳಿಸಿಕೊಂಡಿದ್ದವರು ಒಳಗೆ ಹೋಗಿಬಿಡುತ್ತಾರೆ.

ಒಳಗಿನ ವೈಫೈ ಇನ್ನೂ ಕಷ್ಟದ್ದು. ವೈಫೈ ಬಳಸುವ ಅಲೆಗಳಲ್ಲೊಂದಾದ 2.4 ಗಿಗಾಹರ್ಟ್ಸ್‌ನಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು ಮೂರೇ. ಕಂಬದ ಮೇಲೆ ಎತ್ತರದಲ್ಲಿ ಆ್ಯಕ್ಸೆಸ್ ಪಾಯಿಂಟ್, ಅಂದರೆ ವೈಫೈ ಸಿಗ್ನಲ್ ಕೊಡುವ ಪೆಟ್ಟಿಗೆ, ಕಟ್ಟಿದರೆ ಅದು ದೂರದೂರದ ಸಾಲುಗಳಿಗೂ ಕೇಳಿಸುತ್ತದೆ, ಒಂದಕ್ಕೊಂದು ಅಡ್ಡಬಂದು ಎಲ್ಲವೂ ತೆವಳುತ್ತವೆ. ಅದಕ್ಕೇ ಅವುಗಳನ್ನು ಸೀಟಿನ ಕೆಳಗೆ ಇಡುವ ಉಪಾಯ ಬಂತು. ಮನುಷ್ಯದೇಹದಲ್ಲಿರುವ ನೀರು 5 ಗಿಗಾಹರ್ಟ್ಸ್ ಅಲೆಯನ್ನು ಹೀರಿಕೊಳ್ಳುವುದರಿಂದ ಕೂತ ಜನರೇ ಗೋಡೆಯಾಗುತ್ತಾರೆ. ಒಂದೊಂದು ಪೆಟ್ಟಿಗೆ ಸುತ್ತಲಿನ ನೂರರ ಆಸುಪಾಸು ಜನರಿಗೆ ಮಾತ್ರ ಸಿಗುತ್ತದೆ, ಅದೇ ಚಾನೆಲನ್ನು ತುಸು ದೂರದಲ್ಲಿ ಮತ್ತೆ ಬಳಸಬಹುದು. ಖಾಲಿ ಕ್ರೀಡಾಂಗಣದಲ್ಲಿ ಪರೀಕ್ಷೆ ಮಾಡಿ ನಂಬಿದರೆ ಕೆಟ್ಟಂತೆ, ಏಕೆಂದರೆ ಜನ ತುಂಬಿದಾಗ ಲೆಕ್ಕವೇ ಬೇರೆ. ಮನೆಯಲ್ಲಿ ನಾವು ಹೆಚ್ಚಾಗಿ ಇಳಿಸಿಕೊಳ್ಳುತ್ತೇವೆ, ಇಲ್ಲಿ ಎಲ್ಲರೂ ವಿಡಿಯೊ ಕಳಿಸುವವರೇ. ಹಾಗಾಗಿ ಮೇಲ್ಮುಖದ ಹರಿವಿಗೂ ಜಾಗ ಇಡಬೇಕು. ಪ್ರತಿ ಪಂದ್ಯದ ಬಳಿಕ ನೀರು ಹಾಯಿಸಿ ಗ್ಯಾಲರಿ ತೊಳೆಯುತ್ತಾರಾದ್ದರಿಂದ ಪೆಟ್ಟಿಗೆಗೆ ನೀರು ನುಗ್ಗದ ಕವಚ ಬೇಕೇ ಬೇಕು. ಕೇಬಲ್‌ಗೆಂದು ಕಾಂಕ್ರೀಟ್ ಕೊರೆದ ತೂತನ್ನು ಸರಿಯಾಗಿ ಮುಚ್ಚದಿದ್ದರೆ ಕೆಳಗಿನ ಅಂಗಡಿಯ ಮೇಲೆ ನೀರು ತೊಟ್ಟಿಕ್ಕುತ್ತದೆ.

ಶೌಚಾಲಯದ ಸಾಲಿಗೂ ಇತಿಹಾಸವಿದೆ. ಈ ಕಟ್ಟಡಗಳೆದ್ದ ಕಾಲದಲ್ಲಿ ಪ್ರೇಕ್ಷಕರಲ್ಲಿ ಗಂಡಸರೇ ಹೆಚ್ಚು ಎಂಬ ಊಹೆಯಿತ್ತು. ಈಗಿನ ಕೊಳಾಯಿ ಸಂಹಿತೆ ಕ್ರೀಡಾಂಗಣಗಳಲ್ಲಿ ಮೊದಲ 1,500 ಗಂಡಸರಿಗೆ 75ಕ್ಕೊಂದು, ಮಿಕ್ಕವರಿಗೆ 120ಕ್ಕೊಂದು ಶೌಚವನ್ನೂ, ಮೊದಲ 1,520 ಹೆಂಗಸರಿಗೆ 40ಕ್ಕೊಂದು, ಮಿಕ್ಕವರಿಗೆ 60ಕ್ಕೊಂದು ಶೌಚವನ್ನೂ ಕೇಳುತ್ತದೆ. ಲಕ್ಷ ಜನರಲ್ಲಿ ಅರ್ಧ ಹೆಂಗಸರೆಂದರೆ 846 ಬೇಕು. ಮಧ್ಯಂತರ 20 ನಿಮಿಷ. ಒಬ್ಬರಿಗೆ ಒಂದೂವರೆ ನಿಮಿಷ ಸಾಕೆಂದರೂ ಆ ಹೊತ್ತಿನಲ್ಲಿ ಸುಮಾರು 11,000 ಮಂದಿಗೆ ಮಾತ್ರ ಸರದಿ ಸಿಗುತ್ತದೆ. ಸಂಹಿತೆಯನ್ನು ಅಕ್ಷರಶಃ ಪಾಲಿಸಿದ ಕಟ್ಟಡದ ಕಥೆ ಇದು. ಹೊಸ ನಿಯಮವೆಲ್ಲ ಹಳೆಯ ಕಟ್ಟಡಗಳಿಗೆ ತಾನಾಗಿ ಅನ್ವಯಿಸುವುದಿಲ್ಲ. ಮಿಶಿಗನ್ ತರಹ ನೆಲ ಅಗೆದು ಕಟ್ಟಿದ ಬಟ್ಟಲುಗಳಲ್ಲಿ ಶೌಚಾಲಯ, ಅಂಗಡಿ ಎಲ್ಲವೂ ಮೇಲಂಚಿನ ಸುತ್ತ ಇರುತ್ತವೆ. ಕೆಳಸಾಲಿನ ವೃದ್ಧರು ಅಷ್ಟೂ ಮೆಟ್ಟಿಲು ಹತ್ತಿಯೇ ಹೋಗಬೇಕು. ಗಾಲಿಕುರ್ಚಿಯವರಿಗೆ ಅಲ್ಲಿ ಸಾಕಷ್ಟು ಜಾಗ ಸಿಕ್ಕಿದ್ದು ಅಂಗವಿಕಲ ಮಾಜಿ ಸೈನಿಕರ ಸಂಘ ದಾವೆ ಹೂಡಿ, 2008ರಲ್ಲಿ ರಾಜಿಯಾದ ಮೇಲೆ. ಅಂಗವಿಕಲರ ಹಕ್ಕಿನ ಕಾಯ್ದೆ ಬಂದದ್ದು 1990ರಲ್ಲಿ.

ಬಿಯರ್ ಮಾರಾಟದ ಕಥೆ ಮೊದಲ ನೋಟಕ್ಕೆ ತಲೆಕೆಳಗಾಗಿ ಕಾಣುತ್ತದೆ. ವೆಸ್ಟ್ ವರ್ಜೀನಿಯ ವಿಶ್ವವಿದ್ಯಾಲಯ 2011ರಲ್ಲಿ ಗ್ಯಾಲರಿಯೊಳಗೆ ಬಿಯರ್ ಮಾರಲು ಶುರುಮಾಡಿ, ಜೊತೆಗೇ ಮಧ್ಯಂತರದಲ್ಲಿ ಹೊರಹೋಗಿ ಮರಳಿ ಬರುವ ಅವಕಾಶವನ್ನು ನಿಲ್ಲಿಸಿತು. ಅದುವರೆಗೆ ಜನ ಪಾರ್ಕಿಂಗ್ ಜಾಗಕ್ಕೆ ಓಡಿ, ಗಡುಸು ಮದ್ಯವನ್ನು ಗಬಗಬನೆ ಕುಡಿದು ಬರುತ್ತಿದ್ದರು. ಒಳಗೆ ನಿಧಾನವಾಗಿ, ಅಳತೆಯಲ್ಲಿ ಸಿಕ್ಕಿದ್ದರಿಂದ ಗಲಾಟೆ ಇಳಿಯಿತು. ಎಸ್‌ಇಸಿ 2019ರಲ್ಲಿ ತನ್ನ ನಿಷೇಧ ಸಡಿಲಿಸಿದಾಗ ಷರತ್ತು ಹಾಕಿತು: ಬಿಯರ್, ವೈನ್ ಥರದವು ಮಾತ್ರ, ಸೀಟಿನ ಬಳಿ ಕೂಗಿ ಮಾರುವಂತಿಲ್ಲ, ಮೂರನೇ ಕ್ವಾರ್ಟರ್ ಮುಗಿದೊಡನೆ ಮಾರಾಟ ಬಂದ್. ಮಿಶಿಗನ್ ಕ್ರೀಡಾಂಗಣದಲ್ಲಿ ಮಾರಾಟ ಶುರುವಾದದ್ದು 2024ರಲ್ಲಿ.

ತಿಂಡಿಯ ಬೆಲೆಗೆ ಒಳ್ಳೆಯ ಪಾಠ ಸಿಕ್ಕಿದ್ದು ಎಸ್‌ಇಸಿಯ ಅಂತಿಮ ಪಂದ್ಯ ನಡೆಯುವ ಅಟ್ಲಾಂಟಾದ ಮರ್ಸಿಡಿಸ್ ಬೆಂಜ್ ಕ್ರೀಡಾಂಗಣದಲ್ಲಿ. 2017ರಲ್ಲಿ ಅಲ್ಲಿ ಹಾಟ್‌ಡಾಗ್ 2 ಡಾಲರ್, ಮತ್ತೆ ಮತ್ತೆ ತುಂಬಿಸಿಕೊಳ್ಳಬಹುದಾದ ಸೋಡಾ 2 ಡಾಲರ್. ಬೆಲೆ ಅರ್ಧಕ್ಕಿಳಿದರೂ ತಲಾ ಖರ್ಚು ಏರಿತು. ತೆರಿಗೆ ಸೇರಿ ಪೂರ್ಣಾಂಕದ ಬೆಲೆ ಇದ್ದುದರಿಂದ ಚಿಲ್ಲರೆ ಎಣಿಸುವ ಹೊತ್ತೂ ಉಳಿಯಿತು.

ಈಗ ಗಾಳಿ ಕಿರಿದಾಗಿಸುವ ಕಡೆಗೆ ಬೀಸುತ್ತಿದೆ. ಅಲಬಾಮದ ಬ್ರಯಂಟ್-ಡೆನಿ ಕ್ರೀಡಾಂಗಣ 2020ರ ನವೀಕರಣದಲ್ಲಿ 1,01,821 ಆಸನಗಳಿಂದ 1,00,077ಕ್ಕೆ ಇಳಿಯಿತು. ನಾರ್ತ್‌ವೆಸ್ಟರ್ನ್ 47,130 ಆಸನಗಳ ತನ್ನ ಹಳೆಯ ಕ್ರೀಡಾಂಗಣ ಕೆಡವಿ, ಅದೇ ಜಾಗದಲ್ಲಿ 35,000 ಆಸನಗಳದ್ದನ್ನು ಕಟ್ಟಲು ತೊಡಗಿತು. ಅಗಲ ಕುರ್ಚಿ, ಹತ್ತಿರದ ನೋಟ ಒಳ್ಳೆಯದೇ. ಆದರೆ ಆಸನ ಕಡಿಮೆಯಾದಂತೆ ಟಿಕೆಟ್ ದುಬಾರಿಯಾಗುತ್ತದೆ, ಅಗ್ಗದ ಬೆಂಚಿನ ಮೂಲೆಯಲ್ಲಿ ಮಕ್ಕಳನ್ನು ಕರೆತರುತ್ತಿದ್ದ ಕುಟುಂಬಗಳು ಮೊದಲು ಹೊರಗುಳಿಯುತ್ತವೆ.

2024ರಲ್ಲಿ ಚಾಂಪಿಯನ್‌ಷಿಪ್ ಪ್ಲೇಆಫ್, ಅಂದರೆ ಋತುವಿನ ಕೊನೆಯ ನಾಕೌಟ್ ಸುತ್ತುಗಳು, 12 ತಂಡಗಳದ್ದಾಗಿ, ಮೊದಲ ಸುತ್ತು ಡಿಸೆಂಬರಿನಲ್ಲಿ ವಿಶ್ವವಿದ್ಯಾಲಯಗಳ ಅಂಗಳಕ್ಕೇ ಬಂತು. ಚಳಿನಾಡಿನ ಹಳೆಯ ಕ್ರೀಡಾಂಗಣಗಳು ನವೆಂಬರ್ ಕೊನೆಗೆ ಬಾಗಿಲು ಹಾಕಿ, ಕೊಳವೆಗಳ ನೀರು ಬಸಿದು, ವಸಂತದವರೆಗೆ ಮಲಗುತ್ತಿದ್ದವು. ಪೆನ್ ಸ್ಟೇಟ್ ಆ ಡಿಸೆಂಬರ್ 21ರಂದು ಬೀವರ್ ಕ್ರೀಡಾಂಗಣದಲ್ಲಿ ಪಂದ್ಯ ಆಡಿಸಬೇಕಾಯಿತು. ಲಕ್ಷ ಜನಕ್ಕೆ ಶೌಚಾಲಯ ತೆರೆದಿಡಬೇಕೆಂದರೆ ಬಯಲಿಗೆ ತೆರೆದ ಕೊಳವೆಗಳಿಗೆಲ್ಲ ಶಾಖ ತಡೆಯುವ ಹೊದಿಕೆ ಸುತ್ತಬೇಕು, ಬಿಸಿಯಾಗುವ ತಂತಿ ಕಟ್ಟಬೇಕು, ಶೌಚಾಲಯಗಳೊಳಗೆ ಹೀಟರ್ ಇಡಬೇಕು. ಒಂದು ಕೊಳವೆಯಲ್ಲಿ ನೀರು ಹೆಪ್ಪುಗಟ್ಟಿ ಒಡೆದರೆ ಆ ಇಡೀ ಭಾಗದ ನೀರು ನಿಲ್ಲಿಸಬೇಕಾಗುತ್ತದೆ.