ಕೊಬ್ಬರಿ ಎಣ್ಣೆ ಗಟ್ಟಿಯಾದರೂ ಬಾಟಲಿ ಒಡೆಯಲ್ಲ, ಟೊಮೆಟೊ ರಸಕ್ಕೆ ಯಾಕೆ ಒಡೆಯಿತು?

ಕೋಲಾರದಲ್ಲಿ ಟೊಮೆಟೊ ಬೆಲೆ ನಂಬಿಕೊಂಡು ಅಡುಗೆ ಮಾಡೋಕಾಗಲ್ಲ. 2023ರ ಜುಲೈನಲ್ಲಿ ಇಲ್ಲಿನ ಮಂಡಿಯಲ್ಲಿ 15 ಕೆ.ಜಿ. ಬಾಕ್ಸ್ 2000 ರೂಪಾಯಿ ದಾಟಿತ್ತು. ಇನ್ಯಾವಾಗಲೋ ನೋಡಿದರೆ, ಕೀಳುವ ಕೂಲಿಯೂ ಹುಟ್ಟಲ್ಲ ಅಂತ ರಸ್ತೆ ಬದಿಗೆ ಸುರಿದು ಹೋಗಿರುತ್ತಾರೆ. ಹಾಗೆ ಬೆಲೆ ಬಿದ್ದಿದ್ದ ಒಂದು ವಾರ ನಾನೂ ಒಂದು ಬಾಕ್ಸ್ ಮನೆಗೆ ತಂದೆ. ಅಮ್ಮ ಬೇಯಿಸಿದರು, ನಾನು ಮಿಕ್ಸಿಗೆ ಹಾಕಿ ಸೋಸಿದೆ. ಖಾಲಿಯಾಗಿದ್ದ ಗಾಜಿನ ಬಾಟಲಿಗಳಿಗೆ ಕುತ್ತಿಗೆಯವರೆಗೂ ತುಂಬಿ, ಮುಚ್ಚಳ ಬಿಗಿದು, ಫ್ರೀಜರ್‌ಗೆ ತಳ್ಳಿದೆ.

ಮಾರನೇ ದಿನ ಬಾಗಿಲು ತೆಗೆದರೆ ಎರಡು ಬಾಟಲಿ ಹೋಗಿದ್ದವು. ಒಂದನ್ನು ಹೊರಗಿಟ್ಟು ಸರಿಯಾಗಿ ನೋಡಿದೆ. ರಸ ಬಾಟಲಿಯ ಆಕಾರದಲ್ಲೇ ಕಲ್ಲಾಗಿ ನಿಂತಿತ್ತು. ಗಾಜು ಅದಕ್ಕೆ ಸಿಪ್ಪೆಯ ಹಾಗೆ ಅಂಟಿಕೊಂಡಿತ್ತು. ಮುಚ್ಚಳ ಬಿಗಿಯಾಗೇ ಇತ್ತು, ಕುತ್ತಿಗೆಗೆ ಏನೂ ಆಗಿರಲಿಲ್ಲ. ಸೀಳು ಶುರುವಾಗಿದ್ದು ಭುಜದಲ್ಲಿ, ಅಂದರೆ ಕುತ್ತಿಗೆ ಅಗಲವಾಗಿ ಹೊಟ್ಟೆಗೆ ಇಳಿಯುವ ಜಾಗದಲ್ಲಿ. ಅಲ್ಲಿಂದ ಮೂರು ಗೆರೆ ಕೆಳಗೆ ಓಡಿದ್ದವು.

"ಸೋಸಿಬಿಡು, ಏನೂ ಆಗಲ್ಲ. ಅಷ್ಟು ಹಣ್ಣು ಬೇಯಿಸಿದೀನಿ ಕಣೋ" ಅಂದರು ಅಮ್ಮ. ಸೋಸಲಿಲ್ಲ. ಗಾಜಿನ ಚೂರು ಟೀ ಜರಡಿಯ ಕಣ್ಣಿಗಿಂತ ಸಣ್ಣದಿರಬಹುದು. ಕೆಂಪು ರಸದಲ್ಲಿ ಅದು ಕಾಣುವುದೂ ಇಲ್ಲ. ಗಾಜು ಸೀಳಿದ ಮೇಲೆ ಒಳಗಿದ್ದ ಆಹಾರ ಕಸಕ್ಕೇ ಹೋಗಬೇಕು. ಅಮ್ಮ ಎರಡು ದಿನ ಮುಖ ಊದಿಸಿಕೊಂಡಿದ್ದರು.

ಆದರೆ ನನ್ನ ತಲೆಯಲ್ಲಿ ಬೇರೆಯದೇ ಪ್ರಶ್ನೆ ಕೊರೆಯುತ್ತಿತ್ತು. ಡಿಸೆಂಬರ್ ಬಂದರೆ ನಮ್ಮನೆ ಕೊಬ್ಬರಿ ಎಣ್ಣೆ ಬಾಟಲಿಯಲ್ಲೇ ಹೆಪ್ಪುಗಟ್ಟುತ್ತದೆ. ಸುಮಾರು 24 ಡಿಗ್ರಿಗಿಂತ ಚಳಿಯಾದರೆ ಸಾಕು. ಬೆಳಿಗ್ಗೆ ತಲೆಗೆ ಹಚ್ಚೋಕೆ ಕಡ್ಡಿ ಹಾಕಿ ಕೆದಕಬೇಕು. ಅದೂ ಗಾಜಿನ ಬಾಟಲಿಯೇ, ಅದೂ ಪೂರ್ತಿ ತುಂಬಿದ್ದೇ. ಒಂದು ಸಲವೂ ಒಡೆದಿಲ್ಲ. ಹಾಗಾದರೆ ತಪ್ಪು ಗಟ್ಟಿಯಾಗುವುದರದ್ದಲ್ಲ, ಅಲ್ವಾ?

ಉತ್ತರ ಅಡುಗೆಮನೆಯಲ್ಲೇ ಇದೆ. ಕಾಯಿಸಿದ ತುಪ್ಪ ಡಬ್ಬಿಯಲ್ಲಿ ಆರಿ ಗಟ್ಟಿಯಾದಾಗ ನಡುವೆ ಒಂದು ಗುಳಿ ಬೀಳುತ್ತದೆ. ಕೊಬ್ಬರಿ ಎಣ್ಣೆಯಲ್ಲೂ ಅಷ್ಟೇ. ಸ್ಟೀಲ್ ಲೋಟದಲ್ಲಿ ನೀರು ಇಟ್ಟು ಐಸ್ ಮಾಡಿದವರಿಗೆ ಇದರ ಉಲ್ಟಾ ಗೊತ್ತು. ನಡುವೆ ಗುಬ್ಬಿ, ಅಂದರೆ ಉಬ್ಬು, ಎದ್ದಿರುತ್ತದೆ. ಎಣ್ಣೆ, ತುಪ್ಪ, ಮೇಣ ಎಲ್ಲವೂ ಗಟ್ಟಿಯಾಗುವಾಗ ಕುಗ್ಗುತ್ತವೆ. ಲೋಕದ ಬಹುಪಾಲು ವಸ್ತುಗಳ ರೀತಿಯೇ ಅದು. ನೀರು ಮಾತ್ರ ಹಟಮಾರಿ. 4 ಡಿಗ್ರಿವರೆಗೆ ಎಲ್ಲರ ಹಾಗೆ ಕುಗ್ಗುತ್ತಾ ಬರುತ್ತದೆ, ಅಲ್ಲಿಂದ ಕೆಳಗೆ ಸ್ವಲ್ಪ ಸ್ವಲ್ಪ ಹಿಗ್ಗೋಕೆ ಶುರು ಮಾಡುತ್ತದೆ, ಐಸ್ ಆಗುವ ಹೊತ್ತಿಗೆ ಒಮ್ಮೆಗೇ ನೂರಕ್ಕೆ 9ರಷ್ಟು ದೊಡ್ಡದಾಗುತ್ತದೆ.

ಯಾಕೆ ಅಂದರೆ, ಸಂತೆಯಲ್ಲಿ ಜನ ಒಬ್ಬರಿಗೊಬ್ಬರು ಒತ್ತಿಕೊಂಡು ಓಡಾಡುತ್ತಾರೆ. ಅದೇ ಜನ ಕೋಲಾಟಕ್ಕೆ ನಿಂತರೆ? ಕೈ ಚಾಚಬೇಕು, ಪಕ್ಕದವರ ಕೋಲಿಗೆ ತಮ್ಮ ಕೋಲು ತಾಕುವಷ್ಟು ದೂರ ನಿಲ್ಲಬೇಕು. ಸುತ್ತು ದೊಡ್ಡದಾಗುತ್ತದೆ, ನಡುವೆ ಖಾಲಿ ಉಳಿಯುತ್ತದೆ. ನೀರಿನ ಅಣುಗಳೂ ಹಾಗೇ. ದ್ರವವಾಗಿರುವಾಗ ನುಗ್ಗಾಡುತ್ತಿರುತ್ತವೆ. ಐಸ್ ಆಗುವಾಗ ಒಂದೊಂದೂ ನಾಲ್ಕು ನೆರೆಯವರನ್ನು ಲೆಕ್ಕ ಹಾಕಿದ ದೂರದಲ್ಲಿ ಹಿಡಿದುಕೊಳ್ಳುತ್ತದೆ. ಆರಾರು ಸೇರಿ ಉಂಗುರದಂಥ ಜೋಡಣೆಯಾಗುತ್ತದೆ, ಉಂಗುರದ ನಡುವೆ ಏನೂ ಇರುವುದಿಲ್ಲ. ಐಸ್ ನೀರಿನ ಮೇಲೆ ತೇಲುವುದೂ ಇದರಿಂದಲೇ.

ಟೊಮೆಟೊದಲ್ಲಿ ನೂರಕ್ಕೆ 94ರಷ್ಟು ಬರೀ ನೀರು. ಸಾರಿನಲ್ಲೂ ಹಾಲಿನಲ್ಲೂ ಹೆಚ್ಚಿನ ಪಾಲು ನೀರೇ. ಅರ್ಧ ಲೀಟರ್ ನೀರು ಐಸ್ ಆದರೆ ಸುಮಾರು 45 ಮಿ.ಲೀ. ಜಾಸ್ತಿ ಜಾಗ ಬೇಕು. ಊಟದ ಚಮಚದಲ್ಲಿ ಮೂರು ಚಮಚ. ಇಷ್ಟೇನಾ ಅನ್ನಿಸುತ್ತದೆ. ಆ ಮೂರು ಚಮಚ ಎಲ್ಲಿಗೆ ಹೋಗಬೇಕು ಅನ್ನುವುದರಲ್ಲಿದೆ ಮರ್ಮ.

7 ಸೆಂ.ಮೀ. ಅಗಲದ, ಮೇಲಿಂದ ಕೆಳಗೆ ನೇರವಾಗಿರುವ ಜಾಡಿಯಲ್ಲಿ 45 ಮಿ.ಲೀ. ಅಂದರೆ ಬರೀ 1.2 ಸೆಂ.ಮೀ. ಎತ್ತರ. ಒಂದು ಬೆರಳಿನ ಅಗಲವೂ ಇಲ್ಲ. ನನ್ನ ಬಾಟಲಿಯ ಕುತ್ತಿಗೆ 3 ಸೆಂ.ಮೀ. ಅಗಲ ಅಂತಿಟ್ಟುಕೊಳ್ಳಿ. ಅದೇ 45 ಮಿ.ಲೀ. ಅಲ್ಲಿ ಏರಬೇಕಾದರೆ 6 ಸೆಂ.ಮೀ.ಗಿಂತ ಜಾಸ್ತಿ ಬೇಕು. ಅಷ್ಟು ಉದ್ದದ ಕುತ್ತಿಗೆ ಯಾವ ಜಾಡಿಗಿದೆ? ಸಾಲದ್ದಕ್ಕೆ, ಫ್ರೀಜರಿನ ಚಳಿ ಸುತ್ತಲಿಂದ ಬಡಿಯುತ್ತದೆ. ಕುತ್ತಿಗೆಯಲ್ಲಿರುವ ರಸ ಕಡಿಮೆ, ಅದು ಮೊದಲು ಗಟ್ಟಿಯಾಗಿ ಬಿರಡೆ ಹಾಕಿದ ಹಾಗೆ ಕೂರುತ್ತದೆ. ಹೊಟ್ಟೆಯ ನಡುವಿನ ರಸ ಇನ್ನೂ ದ್ರವ. ಅದು ಕೊನೆಗೆ ಹೆಪ್ಪುಗಟ್ಟುವಾಗ ಮೇಲಿನ ದಾರಿ ಮುಚ್ಚಿರುತ್ತದೆ. ಭುಜದಲ್ಲೇ ಸೀಳಿದ್ದು ಯಾಕೆ ಅಂತ ಈಗ ಗೊತ್ತಾಯಿತಲ್ಲ.

ದಾರಿ ಮುಚ್ಚಿದ ನೀರಿನ ಬಲ ಸಾಮಾನ್ಯದ್ದಲ್ಲ. ಬಗ್ಗದ, ಬಿರಿಯದ ಪಾತ್ರೆಯೊಂದರಲ್ಲಿ ನೀರನ್ನು ಕೂಡಿಹಾಕಿ ಮೈನಸ್ 22 ಡಿಗ್ರಿವರೆಗೆ ತಣಿಸಿದರೆ, ಒತ್ತಡ ಗಾಳಿಯ ಒತ್ತಡದ ಸುಮಾರು 2000 ಪಟ್ಟು ಏರಬಲ್ಲದು. ಕಾರಿನ ಟೈರಿಗೆ ನಾವು ಹಾಕಿಸುವುದು ಎರಡು, ಎರಡೂವರೆ ಪಟ್ಟು.

ಗಾಜೇನು ಮೆತ್ತಗಿಲ್ಲ. ಅದುಮಿದರೆ ತಡೆಯುತ್ತದೆ, ಎಳೆದರೆ ಸೋಲುತ್ತದೆ. ಒಳಗಿಂದ ಐಸ್ ತಳ್ಳಿದಾಗ ಗೋಡೆಯ ಮೇಲೆ ಬೀಳುವುದು ಎಳೆತವೇ. ಸ್ಟೀಲ್ ಆಗಿದ್ದರೆ ತಳ ಉಬ್ಬಿಸಿಕೊಂಡು ಸುಮ್ಮನಾಗುತ್ತಿತ್ತು. ಗಾಜಿಗೆ ಬಗ್ಗಲು ಬರಲ್ಲ. ಇಂಗ್ಲೆಂಡಿನ ಎಂಜಿನಿಯರ್ ಎ. ಎ. ಗ್ರಿಫಿತ್ 1920ರ ಹೊತ್ತಿಗೆ ಒಂದು ವಿಷಯ ತೋರಿಸಿಕೊಟ್ಟ. ಗಾಜು ಲೆಕ್ಕದಲ್ಲಿ ಇರಬೇಕಾದಷ್ಟು ಗಟ್ಟಿ ಇಲ್ಲದಿರುವುದು ಕಣ್ಣಿಗೆ ಕಾಣದ ಗೀರುಗಳಿಂದ. ಎಳೆತವೆಲ್ಲ ಗೀರಿನ ತುದಿಗೆ ಬಂದು ಸೇರುತ್ತದೆ, ಅಲ್ಲಿಂದ ಸೀಳು ಓಡುತ್ತದೆ. ನನ್ನ ಬಾಟಲಿಗಳನ್ನು ವರ್ಷಗಟ್ಟಲೆ ಸ್ಟೀಲ್ ನಾರು ಹಾಕಿ ಉಜ್ಜಿ ಹೊಳೆಯಿಸಿದ್ದೆವು. ಗೀರಿಗೆ ಬರ ಇರಲಿಲ್ಲ.

ಇದಿಷ್ಟು ಐಸ್ ಒಡೆಯುವ ಕತೆ. ಗಾಜು ಒಡೆಯೋಕೆ ಇನ್ನೊಂದು ದಾರಿಯೂ ಇದೆ, ಅದನ್ನು ನಮ್ಮ ಕಡೆಯ ಕಲ್ಲಿನ ಕೆಲಸದವರು ಚೆನ್ನಾಗಿ ಬಲ್ಲರು. ಮನೆಗೆ ಹಾಸುವ, ತೋಟಕ್ಕೆ ನೆಡುವ ಚಪ್ಪಡಿಗಳನ್ನು ಬಂಡೆಯಿಂದ ಎಬ್ಬಿಸೋಕೆ ಬೆಂಕಿ ಹಾಕುವ ರೂಢಿ ಹಳೆಯದು. ಬಂಡೆಯ ಮೇಲೆ ಸೌದೆ ಉರಿಸಿ, ಬೆಂಕಿಯನ್ನು ನಿಧಾನಕ್ಕೆ ಮುಂದೆ ಸರಿಸುತ್ತಾ ಹೋಗುತ್ತಾರೆ. ಮೇಲಿನ ಪದರ ಕಾದು ಹಿಗ್ಗುತ್ತದೆ, ಕೆಳಗಿನ ಕಲ್ಲು ತಣ್ಣಗೆ ಹಾಗೇ ಕೂತಿರುತ್ತದೆ. ಎರಡರ ಜಗಳದಲ್ಲಿ ಪದರ ಬಿಟ್ಟುಕೊಳ್ಳುತ್ತದೆ. ಕುದಿಯುವ ಸಾರನ್ನು ಜಾಡಿಗೆ ಸುರಿದು ನೇರ ಫ್ರೀಜರ್‌ಗೆ ಇಟ್ಟರೂ, ಫ್ರೀಜರಿನಿಂದ ತೆಗೆದ ಜಾಡಿಯನ್ನು ಬಿಸಿನೀರಿಗೆ ಇಳಿಸಿದರೂ ಆಗುವುದು ಇದೇ.

ಈ ಎರಡನೇ ದಾರಿಗೆ ಮಾತ್ರ ಬೋರೋಸಿಲಿಕೇಟ್ ಗಾಜು, ಅಂದರೆ ಓವನ್ ಪಾತ್ರೆಗಳಿಗೆ ಬಳಸುವಂಥ ಬಿಸಿ ತಡೆಯುವ ಗಾಜು, ಒಳ್ಳೆಯ ತಡೆ. ಸಾಮಾನ್ಯ ಬಾಟಲಿ ಗಾಜಿನ ಒಂದು ಮೀಟರ್ ಪಟ್ಟಿ 100 ಡಿಗ್ರಿ ಕಾದರೆ ಸುಮಾರು 0.9 ಮಿ.ಮೀ. ಉದ್ದವಾಗುತ್ತದೆ, ಬೋರೋಸಿಲಿಕೇಟ್ ಆದರೆ ಸುಮಾರು 0.33 ಮಿ.ಮೀ. ಅಷ್ಟೇ. ಆದರೆ ಇದು ಐಸಿನ ತಳ್ಳಾಟಕ್ಕೆ ಮದ್ದಲ್ಲ. ದುಬಾರಿ ಗಾಜು ತಂದೆ, ಇನ್ನು ತಲೆ ನೋವಿಲ್ಲ ಅಂತ ಕಂಠಮಟ್ಟ ತುಂಬಿದರೆ ಅದೂ ಸೀಳುತ್ತದೆ. ದುಡ್ಡು ಗಾಜಿಗೆ ಸುರಿಯುವ ಮೊದಲು ಆಕಾರ ನೋಡಿ ಅಂತ ನಾನು ಹೇಳುವುದು.

ಇಷ್ಟಾದ ಮೇಲೂ ಗಾಜೇ ಯಾಕೆ, ಪ್ಲಾಸ್ಟಿಕ್ ಡಬ್ಬಿ ಸಾಲದಾ ಅಂತ ಕೇಳಬಹುದು. ಟೊಮೆಟೊ, ಅರಿಸಿನದ ಬಣ್ಣ ಪ್ಲಾಸ್ಟಿಕ್ಕಿಗೆ ಹತ್ತಿದರೆ ಬಿಡಲ್ಲ, ವಾಸನೆಯೂ ಅಷ್ಟೇ. ಬೆಳ್ಳುಳ್ಳಿ ಹಾಕಿದ ಬಸ್ಸಾರು ಇಟ್ಟಿದ್ದ ಡಬ್ಬಿಗೆ ಮಾವಿನ ರಸ ಹಾಕಿ ನೋಡಿ, ತಿಳಿಯುತ್ತದೆ.

ಈಗ ನಮ್ಮನೆಯಲ್ಲಿ ನಡೆಯುವುದು ಹೀಗೆ. ಅಗಲ ಬಾಯಿಯ, ಭುಜವಿಲ್ಲದ ಜಾಡಿ ಮಾತ್ರ. ಅರ್ಧ ಲೀಟರಿನದಕ್ಕೆ ಮೇಲೆ ಕನಿಷ್ಠ ಅರ್ಧ ಇಂಚು, ಒಂದು ಲೀಟರಿನದಕ್ಕೆ ಒಂದು ಇಂಚು ಖಾಲಿ. ನಾನು ಅದಕ್ಕಿಂತ ಸ್ವಲ್ಪ ಜಾಸ್ತಿಯೇ ಬಿಡುತ್ತೇನೆ. ಸಾರನ್ನು ಅಗಲ ಪಾತ್ರೆಯಲ್ಲಿ ಬೇಗ ಆರಿಸಿ, ಎರಡು ಗಂಟೆಯೊಳಗೆ ಫ್ರಿಜ್‌ಗೆ ಸೇರಿಸಬೇಕು. ಬೆಚ್ಚಗಿನ ಸಾರಿನಲ್ಲಿ ಬ್ಯಾಕ್ಟೀರಿಯಾ ಸುಗ್ಗಿ ಮಾಡುತ್ತವೆ, ಆಮೇಲೆ ಫ್ರೀಜರಿನಲ್ಲಿ ಅವು ಸಾಯುವುದಿಲ್ಲ, ಮಲಗುತ್ತವೆ ಅಷ್ಟೇ. ಒಂದು ರಾತ್ರಿ ಫ್ರಿಜ್ಜಿನಲ್ಲಿ ತಣಿದ ಮೇಲೆ ಜಾಡಿ ಫ್ರೀಜರ್‌ಗೆ ಹೋಗುತ್ತದೆ. ಮುಚ್ಚಳ ಸಡಿಲ ಇರುತ್ತದೆ, ಕಲ್ಲಾದ ಮೇಲೆ ಬಿಗಿ. ಒಂದು ಜಾಡಿಗೊಂದು ತಾಕದ ಹಾಗೆ ನಡುವೆ ಬಟ್ಟೆ. ತಿಂಗಳುಗಟ್ಟಲೆ ಇಡಬೇಕಾದರೆ ಫ್ರೀಜರ್ ಮೈನಸ್ 18 ಡಿಗ್ರಿ ಮುಟ್ಟಬೇಕು. ಸಣ್ಣ ಫ್ರಿಜ್ಜುಗಳ ಐಸ್ ಗೂಡು ಎಷ್ಟೋ ಸಲ ಅಷ್ಟು ತಣ್ಣಗಿರಲ್ಲ.

ಎಲ್ಲವೂ ಇದಕ್ಕೆ ಒಗ್ಗುವುದಿಲ್ಲ. ಬಸ್ಸಾರು, ಮಸ್ಸೊಪ್ಪು ಚೆನ್ನಾಗಿ ಇರುತ್ತವೆ. ಮಜ್ಜಿಗೆ ಹುಳಿ ಒಡೆದುಹೋಗುತ್ತದೆ, ಆಲೂಗಡ್ಡೆ ಸ್ಪಂಜಾಗುತ್ತದೆ. ಶ್ರೀನಿವಾಸಪುರದ ಮಾವಿನ ರಸದ್ದು ಇನ್ನೊಂದು ಬಗೆ. ಸಕ್ಕರೆ ಜಾಸ್ತಿ ಇರುವುದರಿಂದ ಸೊನ್ನೆ ಡಿಗ್ರಿಗೆ ಹೆಪ್ಪುಗಟ್ಟಲ್ಲ. ಇನ್ನೂ ಕೆಳಗಿಳಿದ ಮೇಲೆ ನೀರು ಸ್ವಲ್ಪ ಸ್ವಲ್ಪವೇ ಐಸಾಗುತ್ತಾ ಹೋಗುತ್ತದೆ, ಉಳಿದ ರಸ ಪಾಕವಾಗುತ್ತಾ ಬರುತ್ತದೆ. ಆದರೂ ಜಾಗ ಬಿಡಲೇಬೇಕು.

ಹೋದ ವಾರ ಟೊಮೆಟೊ ರಸ ತುಂಬುವಾಗ, ರಸ ಎಲ್ಲಿವರೆಗೆ ಇದೆಯೋ ಅಲ್ಲಿಗೆ ಜಾಡಿಯ ಹೊರಗೆ ಒಂದು ರಬ್ಬರ್ ಬ್ಯಾಂಡ್ ಹಾಕಿಟ್ಟೆ. ಮಾರನೇ ದಿನ ಅಮ್ಮನೇ ತೆಗೆದು ನೋಡಿದರು. ಅಂಚಿನಲ್ಲಿ ಬ್ಯಾಂಡಿಗಿಂತ ಒಂದು ಸೆಂ.ಮೀ. ಮೇಲೆ, ನಡುವೆ ಇನ್ನೊಂದು ಚೂರು ಎತ್ತರ. "ನೋಡು, ಗುಬ್ಬಿ ಎದ್ದಿದೆ" ಅಂದರು. ಗಾಜಿನ ಮೇಲೆ ಒಂದು ಗೆರೆ ಇರಲಿಲ್ಲ. ಆ ಜಾಡಿಯನ್ನು ಇವತ್ತು ಬೆಳಿಗ್ಗೆ ಫ್ರಿಜ್ಜಿನ ಕೆಳಗಿನ ತಟ್ಟೆಗೆ ಇಳಿಸಿದ್ದಾರೆ. ನಾಳೆ ಮಧ್ಯಾಹ್ನದ ಸಾರಿನ ಹೊತ್ತಿಗೆ ತಾನಾಗೇ ಕರಗಿರುತ್ತದೆ.