ಹೊಸ ಫ್ಲೂ ವೈರಸ್ ಪಾಠ: ರೇಷ್ಮೆ ಹುಳು ಮನೆಯ ಬಾಗಿಲಲ್ಲಿ ನಿಂತು ಓದಿದರೆ

ಎಚ್1ಎನ್1, ಎಚ್5ಎನ್1 ಅಂತ ಬರೀ ಹೆಸರು ಬಾಯಿಪಾಠ ಮಾಡಿ ಈ ಪಾಠ ದಾಟಬೇಡಿ. ಮಳೆಗಾಲದಲ್ಲಿ ಬರುವ ಮಾಮೂಲಿ ಫ್ಲೂಗೆ ಇಲ್ಲದ ಭಯ ಹೊಸ ಫ್ಲೂಗೆ ಯಾಕೆ? ಈ ಒಂದು ಪ್ರಶ್ನೆ ಹಿಡಿದುಕೊಂಡರೆ ಉಳಿದದ್ದು ಸುಲಭ.

ಮೊದಲು ಹೆಸರಿನ ಅರ್ಥ. ಎಚ್ ಅಂದರೆ ಹೀಮಗ್ಲುಟಿನಿನ್. ಅದು ನಮ್ಮ ಗಂಟಲಿನ ಜೀವಕೋಶಕ್ಕೆ ಸಿಕ್ಕಿಕೊಳ್ಳುವ ಕೊಕ್ಕೆ. ಎನ್ ಅಂದರೆ ನ್ಯೂರಾಮಿನಿಡೇಸ್. ಅದು ಒಳಗೆ ಹುಟ್ಟಿದ ಮರಿ ವೈರಸ್‌ಗಳನ್ನು ಬಿಡಿಸಿ ಹೊರಗೆ ಕಳಿಸುವ ಕತ್ತರಿ. ಒಸೆಲ್ಟಾಮಿವಿರ್ ಮಾತ್ರೆ ಈ ಕತ್ತರಿಯನ್ನು ಮೊಂಡು ಮಾಡುತ್ತದೆ. ಮರಿಗಳು ಆಗಲೇ ಗಂಟಲು, ಶ್ವಾಸಕೋಶದಲ್ಲೆಲ್ಲ ಹರಡಿಕೊಂಡ ಮೇಲೆ ಕತ್ತರಿ ಮೊಂಡಾದರೆ ಪ್ರಯೋಜನ ಕಡಿಮೆ. ಅದಕ್ಕೇ ಜ್ವರ ಶುರುವಾದ 48 ಗಂಟೆಯೊಳಗೆ ಕೊಟ್ಟರೆ ಜಾಸ್ತಿ ಉಪಯೋಗ. ಆ್ಯಂಟಿಬಯಾಟಿಕ್ ಅಂತೂ ವೈರಸ್ಸಿಗೆ ತಟ್ಟುವುದೇ ಇಲ್ಲ.

ಈಗ ನಿಜವಾದ ವಿಷಯ. ಇನ್‌ಫ್ಲುಯೆಂಜಾ ಎ ವೈರಸ್ಸಿನ ಜೀನುಗಳು ಒಂದೇ ದಾರವಲ್ಲ, 8 ಬಿಡಿ ಬಿಡಿ ಆರ್‌ಎನ್‌ಎ ತುಂಡುಗಳು. ನಕಲು ಮಾಡುವಾಗ ಅಲ್ಲಲ್ಲಿ ಅಕ್ಷರ ತಪ್ಪಿ ವರ್ಷ ವರ್ಷ ಸ್ವಲ್ಪ ಸ್ವಲ್ಪ ಬದಲಾಗುವುದು ಡ್ರಿಫ್ಟ್. ಶಿಫ್ಟ್ ಬೇರೆ, ಅದರಲ್ಲಿ ಇಡೀ ತುಂಡುಗಳೇ ಅದಲು ಬದಲಾಗುತ್ತವೆ. ಶಿಡ್ಲಘಟ್ಟದ ರೇಷ್ಮೆ ಗೂಡಿನ ಮಾರುಕಟ್ಟೆಗೆ ಒಂದೇ ಟೆಂಪೋದಲ್ಲಿ ಇಬ್ಬರು ರೈತರು 1ರಿಂದ 8ರವರೆಗೆ ಸಂಖ್ಯೆ ಬರೆದ ತಲಾ 8 ಚೀಲ ಹಾಕಿದ್ದಾರೆ ಅಂದುಕೊಳ್ಳಿ. ಇಳಿಸುವಾಗ ಚೀಲಗಳು ಅದಲು ಬದಲಾದರೆ? ಒಂದೊಂದು ಸಂಖ್ಯೆಯ ಚೀಲವೂ ಇವರದ್ದೋ ಅವರದ್ದೋ ಆಗಬಹುದು. ಒಟ್ಟು 256 ರೀತಿ ಜೋಡಿಸಬಹುದು, ಅದರಲ್ಲಿ 254 ಹೊಸವು. ಒಂದೇ ಹಂದಿಯ ಒಂದೇ ಜೀವಕೋಶಕ್ಕೆ ಎರಡು ಫ್ಲೂ ವೈರಸ್ ಒಟ್ಟಿಗೆ ನುಗ್ಗಿದರೆ ಆಗುವುದು ಇದೇ. ಹೀಗೆ ಹುಟ್ಟಿದ ವೈರಸ್ಸಿನಲ್ಲಿ ಪ್ರಾಣಿ, ಹಕ್ಕಿಯ ಕಡೆಯ ಎಚ್ ಬಂದಿದ್ದರೆ ಅದನ್ನು ನಮ್ಮ ಮೈ ಯಾವತ್ತೂ ಕಂಡಿರುವುದಿಲ್ಲ. ಹೆಚ್ಚು ಕಡಿಮೆ ಊರಿಗೆ ಊರೇ ಬರಿಗೈಯಲ್ಲಿ ನಿಂತ ಹಾಗೆ.

2009ರ ಎಚ್1ಎನ್1 ಹೀಗೇ ಬಂದದ್ದು. ಅದರಲ್ಲಿ ಹಂದಿ, ಹಕ್ಕಿ, ಮನುಷ್ಯ ಮೂರೂ ಮೂಲದ ತುಂಡುಗಳಿದ್ದವು. ಏಪ್ರಿಲ್‌ನಲ್ಲಿ ಮೆಕ್ಸಿಕೊ, ಅಮೆರಿಕದಲ್ಲಿ ಪತ್ತೆಯಾಯಿತು, ಮೇ ತಿಂಗಳಲ್ಲಿ ಹೈದರಾಬಾದಿಗೆ ಬಂತು, ಜೂನ್ 11ಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಜಗತ್ತಿಗೇ ಹರಡಿದ ಪಿಡುಗು ಅಂತ ಘೋಷಿಸಿತು. ಎರಡೇ ತಿಂಗಳು!

ಹಕ್ಕಿಜ್ವರ, ಅಂದರೆ ಎಚ್5ಎನ್1, ನಮಗೆ ದೂರದ ಮಾತಲ್ಲ. 2025ರ ಫೆಬ್ರವರಿ ಕೊನೆಯಲ್ಲಿ ಚಿಕ್ಕಬಳ್ಳಾಪುರ ತಾಲ್ಲೂಕಿನ ವರದಹಳ್ಳಿಯ ಕೋಳಿಗಳಲ್ಲಿ ಅದು ದೃಢಪಟ್ಟಿತ್ತು. ಹಕ್ಕಿಯ ವೈರಸ್ಸಿನ ಕೊಕ್ಕೆ ನಮ್ಮ ಮೂಗು ಗಂಟಲಿಗೆ ಸರಿಯಾಗಿ ಸಿಕ್ಕಿಕೊಳ್ಳುವುದಿಲ್ಲ, ಅದಕ್ಕೆ ಹೊಂದುವ ಜಾಗ ಇರುವುದು ಹೆಚ್ಚಾಗಿ ಶ್ವಾಸಕೋಶದ ಆಳದಲ್ಲಿ. ಹಾಗಾಗಿ ಮನುಷ್ಯರಿಗೆ ಬರುವುದು ಅಪರೂಪ, ಬಂದರೆ ತುಂಬಾ ಕಷ್ಟ. ಚೆನ್ನಾಗಿ ಬೇಯಿಸಿದ ಕೋಳಿ, ಮೊಟ್ಟೆ ತಿನ್ನಬಹುದು. ಸತ್ತ ಕೋಳಿಯನ್ನು ಬರಿಗೈಯಲ್ಲಿ ಮುಟ್ಟಬೇಡಿ, ಕೆರೆಗೆ ಎಸೆಯಲೂಬೇಡಿ, ಪಶು ಆಸ್ಪತ್ರೆಗೆ ಹೇಳಿ.

ತಡೆಯುವುದು ಹೇಗೆ ಅನ್ನುವುದನ್ನು ನಾನು ಪುಸ್ತಕಕ್ಕಿಂತ ಮೊದಲು ಅಮ್ಮ ರೇಷ್ಮೆ ಹುಳು ಸಾಕುವ ಹುಳು ಮನೆಯಲ್ಲಿ ನೋಡಿದ್ದೆ. ಹುಳುವಿನ ಹೊಸ ಬೆಳೆ ಶುರು ಮಾಡುವ ಮುಂಚೆ ಗೋಡೆ, ತಟ್ಟೆ ಎಲ್ಲಕ್ಕೂ ಬ್ಲೀಚಿಂಗ್ ಪುಡಿಯ ನೀರು. ಬಾಗಿಲಲ್ಲಿ ಸುಣ್ಣ ತುಳಿದೇ ಒಳಗೆ ಬರಬೇಕು. ಪ್ರತಿ ಸಲ ಸೊಪ್ಪು ಹಾಕುವ ಮುಂಚೆ ಅಮ್ಮ ಮೊಣಕೈವರೆಗೂ ಕೈ ತೊಳೆಯುತ್ತಾರೆ, ನೆಂಟರು ಎಷ್ಟೇ ಬೇಕಾದವರಾದರೂ ಒಳಗೆ ಬಿಡುವುದಿಲ್ಲ. ಯಾಕೆ ಇಷ್ಟು ಅಂದರೆ, ಹುಳುವಿಗೆ ಬರುವ ಹಾಲುತೊಂಡೆ ರೋಗವೂ ವೈರಸ್ಸಿನದ್ದೇ. ಹುಳು ಬೆಳ್ಳಗೆ ಊದಿಕೊಂಡು ಕಣ್ಣಿಗೆ ಬೀಳುವ ಹೊತ್ತಿಗೆ ರೋಗ ಅದರೊಳಗೆ ಹೊಕ್ಕು ಎಷ್ಟೋ ದಿನ ಆಗಿರುತ್ತದೆ. "ಕಂಡ ಮೇಲೆ ಏನು ಮಾಡ್ತೀಯ, ಕಾಣೋಕ್ ಮುಂಚೆ ಮಾಡ್ಬೇಕು" ಅನ್ನುತ್ತಾರೆ ಅಮ್ಮ.

ಫ್ಲೂನಲ್ಲೂ ಅಷ್ಟೇ. ಜ್ವರ ಬರುವ ಒಂದು ದಿನ ಮುಂಚೆಯೇ ನಮ್ಮಿಂದ ವೈರಸ್ ಹೊರಗೆ ಹೋಗಲು ಶುರುವಾಗುತ್ತದೆ, ಆಮೇಲೂ 5ರಿಂದ 7 ದಿನ, ಮಕ್ಕಳಲ್ಲಿ ಇನ್ನೂ ಜಾಸ್ತಿ. ಕೆಮ್ಮುವವರನ್ನು ನೋಡಿ ದೂರ ನಿಂತರೆ ಸಾಲದು ಅನ್ನುವುದು ಇದಕ್ಕೇ. ಹುಳು ಮನೆಗೂ ನಮ್ಮ ಮನೆಗೂ ಒಂದು ವ್ಯತ್ಯಾಸ ಇದೆ. ಹುಳುವಿಗೆ ರೋಗ ಹೆಚ್ಚಾಗಿ ಸೊಪ್ಪಿನ ಜೊತೆ ಬಾಯಿಗೆ ಹೋಗುತ್ತದೆ, ಫ್ಲೂ ಗಾಳಿಯಲ್ಲೂ ಬರುತ್ತದೆ. ಸೋಪು ವೈರಸ್ಸಿನ ಕೊಬ್ಬಿನ ಹೊದಿಕೆಯನ್ನು ಒಡೆಯುತ್ತದೆ ನಿಜ, ಆದರೆ ಬೆಳಗಿನ ಬೆಂಗಳೂರು ಬಸ್ಸಲ್ಲಿ ಚಳಿ ಅಂತ ಎಲ್ಲ ಕಿಟಕಿ ಮುಚ್ಚಿ, ಮೈಗೆ ಮೈ ತಾಗಿಸಿ ಒಂದೂವರೆ ಗಂಟೆ ಕೂತಾಗ ಕೈ ತೊಳೆದಿದ್ದು ಮಾತ್ರ ಕಾಪಾಡುವುದಿಲ್ಲ. ಕಿಟಕಿ ತೆಗೆಯಬೇಕು, ಮಾಸ್ಕ್ ಮೂಗಿನ ಮೇಲಿರಬೇಕು. ಜ್ವರ ಇದ್ದವರು ಬಸ್ ಹತ್ತಲೇಬಾರದು. ಅಟೆಂಡೆನ್ಸ್ ಹೋದರೆ ಹೋಗಲಿ.

ಲಸಿಕೆ ಹಾಕಿಸಿಕೊಂಡ ಮೇಲೆ ರಕ್ಷಣೆ ಬರಲು ಸುಮಾರು ಎರಡು ವಾರ ಬೇಕು. ಹೊಸ ವೈರಸ್ಸಿಗೆ ಲಸಿಕೆಯೇ ತಯಾರಾಗಲು ತಿಂಗಳುಗಟ್ಟಲೆ ಹಿಡಿಯುತ್ತದೆ. ಅಲ್ಲಿಯವರೆಗೆ ಕೈಯಲ್ಲಿರುವುದು ಒಂದು ಲೆಕ್ಕ. 2009ರಲ್ಲಿ ಒಬ್ಬರಿಂದ ಸರಾಸರಿ ಒಂದೂವರೆ ಜನಕ್ಕೆ ಹರಡುತ್ತಿತ್ತು, ಹೀಗೆ ಒಂದು ಸುತ್ತು ಹರಡಲು ಸುಮಾರು 3 ದಿನ. 10 ಜನ 15 ಆಗುತ್ತಾರೆ, ಆಮೇಲೆ 22, ಆಮೇಲೆ 34. ಕಿಟಕಿ, ಮಾಸ್ಕ್, ಮನೆಯಲ್ಲಿ ಉಳಿಯುವುದು ಎಲ್ಲ ಸೇರಿ ಅದನ್ನು 0.8ಕ್ಕೆ ಇಳಿಸಿದರೆ 10 ಜನ 8 ಆಗಿ, 6 ಆಗಿ, 5 ಆಗುತ್ತಾರೆ. ಸೊನ್ನೆಗೆ ತರಬೇಕಿಲ್ಲ, 1ಕ್ಕಿಂತ ಕೆಳಗೆ ತಂದರೆ ಸಾಕು, ತಾನಾಗಿಯೇ ಆರುತ್ತದೆ. 1.2 ಇಟ್ಟುಕೊಂಡು ನೀವೇ ಐದು ಸುತ್ತು ಹಾಕಿ ನೋಡಿ, 25ರ ಹತ್ತಿರ ಬರಬೇಕು.